ನೋಡಲು ಹೊರಟ ಮಕ್ಕಳಿಗೆ ದಾರಿಖರ್ಚು ಕೊಡುವವರಾರು?

ಶ್ರೀಮಠದ ಸದ್ಭಕ್ತರಿಗೂ ಇಲ್ಲಿಯ ಪ್ರಸಾದನಿಲಯದಲ್ಲಿ ಓದಿ ಹೊರಗೆ ಹೋಗಿರುವ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತನ್ನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ನಿಷ್ಠುರವೆಂದ ಮೇಲೆ ಅದರ ಮೊದಲ ಪೆಟ್ಟು ಹೇಳುವವನ ಮೇಲೆಯೇ ಬೀಳುವುದು ನ್ಯಾಯ. ಆದುದರಿಂದ ನಮ್ಮ ತಪ್ಪಿನಿಂದಲೇ ಪ್ರಾರಂಭಿಸುತ್ತೇವೆ.

ಕಳೆದ ವರ್ಷ ಶ್ರೀಮಠದ ವಿದ್ಯಾರ್ಥಿವೇತನ ಸಮಿತಿಯ ಸಭೆ ನಡೆಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕೂ ತಾಲ್ಲೂಕುಗಳಿಂದ ಅರ್ಜಿಗಳು ಬಂದಿದ್ದವು. ಎಂಜಿನಿಯರಿಂಗ್ ಓದುವವರದು, ವೈದ್ಯಕೀಯದವರದು, ನರ್ಸಿಂಗ್, ಬಿ.ಇಡಿ., ವಾಣಿಜ್ಯ ಹೀಗೆ ಒಂದು ದೊಡ್ಡ ಕಟ್ಟು. ಅವುಗಳ ನಡುವೆ ಶಿಡ್ಲಘಟ್ಟದ ಒಬ್ಬ ಹೆಣ್ಣುಮಗಳ ಅರ್ಜಿಯಿತ್ತು. ಆಕೆಯ ತಂದೆ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೂಲಿ. ಆಕೆ ಬೆಂಗಳೂರಿನಲ್ಲಿ ದೃಶ್ಯಕಲೆಯ ಪದವಿಯ ಮೂರನೆಯ ವರ್ಷದಲ್ಲಿದ್ದಳು. ನಮ್ಮ ಅರ್ಜಿ ನಮೂನೆಯಲ್ಲಿ ಕಲಾ, ವಿಜ್ಞಾನ, ವಾಣಿಜ್ಯ ಎಂದು ಮೂರೇ ಮನೆಗಳಿರುವುದರಿಂದ ಆಕೆ ಕಲಾ ಎಂಬುದಕ್ಕೆ ಗುರುತು ಹಾಕಿದ್ದಳು. ನಮ್ಮ ಗುಮಾಸ್ತರು ಇತಿಹಾಸವೋ ರಾಜ್ಯಶಾಸ್ತ್ರವೋ ಇರಬೇಕೆಂದು ಭಾವಿಸಿ ಬಿ.ಎ. ಕಟ್ಟಿಗೆ ಸೇರಿಸಿದ್ದರು. ಕಲೆಯನ್ನೇ ಓದುವವರಿಗೆ ಕಲಾ ಎಂಬ ಮನೆಯಲ್ಲಿಯೂ ಸ್ಥಳವಿಲ್ಲದಿರುವುದು ನಮ್ಮ ವಿದ್ಯಾಕ್ರಮದ ಒಂದು ಚಮತ್ಕಾರ.

ಆಕೆ ಕೇಳಿದ್ದು ಶುಲ್ಕವನ್ನಲ್ಲ. ಅದನ್ನು ಹೇಗೋ ಹೊಂದಿಸಿಕೊಂಡಿದ್ದಳು. ತರಗತಿಯವರೆಲ್ಲ ಅಜಂತ, ಎಲ್ಲೋರಗಳಿಗೆ ಅಧ್ಯಯನ ಪ್ರವಾಸ ಹೊರಟಿದ್ದರು. ತಲೆಗೆ 14,000 ರೂಪಾಯಿ. ಅಷ್ಟನ್ನು ಸಹಾಯವಾಗಿ ಕೊಡಬೇಕೆಂದು ವಿನಂತಿಸಿದ್ದಳು. ಸಮಿತಿಯ ಹಿರಿಯರೊಬ್ಬರು ಅರ್ಜಿಯನ್ನು ಓದಿ, "ಬುದ್ಧೀ, ಇದು ಓದಿಗೆ ಕೇಳಿದ್ದಲ್ಲ, ಟೂರಿಗೆ ಕೇಳಿದ್ದು. ಟೂರಿಗೆ ಕೊಡುವ ರಿವಾಜು ನಮ್ಮಲ್ಲಿಲ್ಲ" ಎಂದರು. ಇನ್ನೊಬ್ಬರು, "ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಬುದ್ಧೀ, ಚಿತ್ರ ನೋಡುವುದಕ್ಕೆ ಅಲ್ಲಿತನಕ ಹೋಗಬೇಕೆ?" ಎಂದು ನಕ್ಕರು. ಅರ್ಜಿ ಕೆಳಗೆ ಹೋಯಿತು. ಅದೇ ಸಭೆಯ ಮುಂದಿನ ವಿಷಯ ಜಾತ್ರಾಮಹೋತ್ಸವದ ಸನ್ಮಾನ ಸಮಾರಂಭ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಭಾವಚಿತ್ರವುಳ್ಳ ಫ್ಲೆಕ್ಸ್ ಇವುಗಳ ಖರ್ಚು ಆ ಹುಡುಗಿ ಕೇಳಿದ್ದರ ಹಲವು ಪಟ್ಟು. ಒಂದು ನಿಮಿಷದಲ್ಲಿ, ಯಾರೊಬ್ಬರೂ ತುಟಿ ಬಿಚ್ಚದೆ, ಅದು ಮಂಜೂರಾಯಿತು. ತುಟಿ ಬಿಚ್ಚದವರಲ್ಲಿ ಅಧ್ಯಕ್ಷಪೀಠದಲ್ಲಿ ಕುಳಿತಿದ್ದ ನಾವೂ ಒಬ್ಬರು.

ಅಂದು ಸುಮ್ಮನಿದ್ದುದಕ್ಕೆ ಇಂದು ಬರೆಯುತ್ತಿದ್ದೇವೆ.

ಮೊಬೈಲಿನಲ್ಲಿ ಸಿಗುತ್ತದೆ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಏಕೆಂದರೆ ಅದು ತಿಳಿವಳಿಕೆಯ ಮಾತಿನಂತೆ ಕೇಳಿಸುತ್ತದೆ. ನಾವು ಇಪ್ಪತ್ತರ ಹರೆಯದಲ್ಲಿ ಸಂಸ್ಕೃತಾಧ್ಯಯನಕ್ಕೆಂದು ಕಾಶಿಯ ಜಂಗಮವಾಡಿ ಮಠಕ್ಕೆ ಹೊರಟಾಗ ನಮ್ಮ ಹಿರಿಯ ಶ್ರೀಗಳು ರೈಲಿನ ಟಿಕೀಟಿನ ಹಣವನ್ನಲ್ಲದೆ ಇನ್ನೂರು ರೂಪಾಯಿಗಳನ್ನು ಹೆಚ್ಚಾಗಿ ಕೈಯಲ್ಲಿಟ್ಟು, ಪುಸ್ತಕವನ್ನು ಮಾತ್ರ ನೋಡಿ ಬರಬೇಡ ಎಂದು ಅಪ್ಪಣೆ ಮಾಡಿದ್ದರು. ಆ ಹಣದಲ್ಲಿ ಒಂದು ದಿನ ಸಾರನಾಥಕ್ಕೆ ಹೋದೆವು. ಸಿಂಹಮುದ್ರೆಯನ್ನು ನಾಣ್ಯದ ಮೇಲೆ, ನೋಟಿನ ಮೇಲೆ, ಛಾಪಾಕಾಗದದ ಮೇಲೆ ಹುಟ್ಟಿದಂದಿನಿಂದ ನೋಡಿದ್ದೆವು. ಅದನ್ನು ಚೆನ್ನಾಗಿ ಬಲ್ಲೆವೆಂದೇ ಭಾವಿಸಿದ್ದೆವು. ವಸ್ತುಸಂಗ್ರಹಾಲಯದ ಬಾಗಿಲು ದಾಟಿದೊಡನೆ ಏಳಡಿ ಎತ್ತರದ ಆ ಶಿಲ್ಪ ಎದುರಿಗೆ ನಿಂತಿತು. ನಾಣ್ಯದಲ್ಲಿ ಕಾಣುವುದು ಮೂರು ಸಿಂಹ, ಅಲ್ಲಿರುವುದು ನಾಲ್ಕು. ಹಿಂದಿನದನ್ನು ನೋಡಬೇಕಾದರೆ ನಾವೇ ನಡೆದು ಸುತ್ತಬೇಕು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಮರಳುಗಲ್ಲಿಗೆ ಕೊಟ್ಟ ಮೆರುಗು ಇನ್ನೂ ಮುಖ ಕಾಣುವಂತಿದೆ. ಪೀಠದ ಸುತ್ತ ಆನೆ, ಕುದುರೆ, ಗೂಳಿ, ಸಿಂಹಗಳು ಚಕ್ರಗಳ ನಡುವೆ ನಡೆಯುತ್ತಿವೆ. ಅದುವರೆಗೆ ನಾವು ನೋಡಿದ್ದು ಒಂದು ಗುರುತನ್ನು, ಅಂದು ಕಂಡದ್ದು ಒಂದು ಕೃತಿಯನ್ನು. ಈ ಎರಡರ ಅಂತರವನ್ನು ಅಲಂಕಾರಶಾಸ್ತ್ರದ ಯಾವ ಗ್ರಂಥವೂ ನಮಗೆ ಅಷ್ಟು ನಿಚ್ಚಳವಾಗಿ ಕಲಿಸಿರಲಿಲ್ಲ.

ಇನ್ನೊಂದು ದಿನ ಹಿಂದೂ ವಿಶ್ವವಿದ್ಯಾಲಯದ ಆವರಣದಲ್ಲಿರುವ ಭಾರತ ಕಲಾಭವನಕ್ಕೆ ಹೋದೆವು. ರಾಯ್ ಕೃಷ್ಣದಾಸರು 1920ರಲ್ಲಿ ಕಟ್ಟಲಾರಂಭಿಸಿದ ಸಂಗ್ರಹ ಅದು. ಅಲ್ಲಿಯ ಮೊಗಲ, ರಾಜಸ್ಥಾನಿ, ಪಹಾಡಿ ಚಿತ್ರಗಳನ್ನು ಪುಸ್ತಕದಲ್ಲಿ ಪುಟದಗಲಕ್ಕೆ ಹಿಗ್ಗಿಸಿ ಅಚ್ಚು ಹಾಕಿರುತ್ತಾರೆ. ಎದುರಿಗೆ ಕಂಡಾಗ ಕೆಲವು ಅಂಗೈಯಷ್ಟೇ ಇವೆ. ಅಷ್ಟು ಸ್ಥಳದೊಳಗೆ ಒಂದೊಂದು ರೆಪ್ಪೆಗೂದಲನ್ನೂ ಬಿಡಿಸಿದ್ದಾರೆ. ಏಳಡಿಯ ಸಿಂಹವನ್ನೂ ಅಂಗೈಯಗಲದ ರಾಧೆಯನ್ನೂ ಮೊಬೈಲು ಒಂದೇ ಅಳತೆಗೆ ತಂದು ತೋರಿಸುತ್ತದೆ. ಚಿತ್ರ ಕಲಿಯುವವನಿಗೆ ಅಳತೆಯೇ ಮೊದಲ ಪಾಠ. ಆ ಪಾಠವನ್ನೇ ಅಳಿಸಿಹಾಕುವ ಯಂತ್ರವನ್ನು ತೋರಿಸಿ, ಇದು ಸಾಕು, ಹೋಗು ಎನ್ನುವುದು ಹಸಿದವನಿಗೆ ಅಡುಗೆಯ ಪಟ್ಟಿಯನ್ನು ಓದಿಹೇಳಿ ಕಳುಹಿಸಿದಂತೆ.

ಅಷ್ಟು ದೂರದ ಮಾತೂ ಬೇಡ. ಗೌರಿಬಿದನೂರಿನಿಂದ ಹಿಂದೂಪುರದ ಮೇಲೆ ಹೋದರೆ ಸುಮಾರು ನಲವತ್ತು ಕಿಲೋಮೀಟರಿನಲ್ಲಿ ಲೇಪಾಕ್ಷಿ ಸಿಕ್ಕುತ್ತದೆ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ ವಿರೂಪಣ್ಣನು ಕಟ್ಟಿಸಿದ ವೀರಭದ್ರನ ಗುಡಿ. ನಮ್ಮವರಲ್ಲಿ ಅನೇಕರ ಮನೆದೇವರು. ವರ್ಷಕ್ಕೊಮ್ಮೆ ಹೋಗಿ ಬರುವ ಭಕ್ತರು ನೂರಾರು ಮಂದಿ ಇದ್ದಾರೆ. ನೆಲಕ್ಕೆ ತಾಗದ ಕಂಬದ ಕೆಳಗೆ ಟವಲು ತೂರಿಸಿ ನೋಡಿ ಆನಂದಪಡುತ್ತಾರೆ. ಅವರಲ್ಲಿ ತಲೆಯೆತ್ತಿ ಛಾವಣಿಯನ್ನು ನೋಡಿದವರೆಷ್ಟು ಮಂದಿ? ವಿಜಯನಗರ ಕಾಲದ ಭಿತ್ತಿಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತ್ಯುತ್ತಮ ಸಮೂಹಗಳಲ್ಲಿ ಅದೊಂದು. ಪಾರ್ವತೀಕಲ್ಯಾಣವಿದೆ, ಕಿರಾತಾರ್ಜುನರ ಪ್ರಸಂಗವಿದೆ, ಛಾವಣಿಯ ಉದ್ದಕ್ಕೂ ಚಾಚಿಕೊಂಡಿರುವ ವೀರಭದ್ರನಿದ್ದಾನೆ. ಅದನ್ನು ನಿಜವಾಗಿ ನೋಡಬೇಕಾದರೆ ನೆಲದ ಮೇಲೆ ಅಂಗಾತ ಮಲಗಬೇಕು. ಹಾಗೆ ಮಲಗಿ ಒಂದು ಇಡೀ ದಿನ ನೋಡಿ, ಗೆರೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡು, ಸಂಜೆಯ ಬಸ್ಸಿಗೆ ಹಿಂದಿರುಗಲು ಒಬ್ಬ ವಿದ್ಯಾರ್ಥಿಗೆ ಎಷ್ಟು ಖರ್ಚಾದೀತು? ಆದರೂ ನಮ್ಮ ತಾಲ್ಲೂಕುಗಳಿಂದ ಚಿತ್ರಕಲೆ ಓದಲು ಹೋದವರಲ್ಲಿ ನಾವು ಮಾತನಾಡಿಸಿದ ನಾಲ್ವರ ಪೈಕಿ ಮೂವರು ಲೇಪಾಕ್ಷಿಯನ್ನು ನೋಡಿರಲಿಲ್ಲ. ಒಬ್ಬನು ಪರೀಕ್ಷೆಯಲ್ಲಿ ಅದನ್ನು ಕುರಿತು ಹತ್ತು ಅಂಕದ ಉತ್ತರ ಬರೆದಿದ್ದನಂತೆ. ಒಳ್ಳೆಯ ಅಂಕವೂ ಬಂತಂತೆ.

ಲೇಪಾಕ್ಷಿಯ ವಿರೂಪಣ್ಣನ ವಿಷಯದಲ್ಲಿ ಒಂದು ಐತಿಹ್ಯವಿದೆ. ರಾಜನ ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ಗುಡಿಗೆ ಸುರಿದನೆಂಬ ಆಪಾದನೆ ಬಂದಾಗ ಆತ ತನ್ನ ಕಣ್ಣುಗಳನ್ನು ತಾನೇ ಕಿತ್ತು ಗೋಡೆಗೆ ಎಸೆದನಂತೆ. ಕಲ್ಯಾಣಮಂಟಪ ಅರ್ಧಕ್ಕೇ ನಿಂತಿರುವುದು ಅದರಿಂದಲೇ ಎಂದು ಅಲ್ಲಿಯವರು ಹೇಳುತ್ತಾರೆ. ಖಜಾನೆಯನ್ನು ಕಾಯುವವರಿಗೂ ಕಲೆಗೆ ಹಣ ಸುರಿಯುವವರಿಗೂ ಇರುವ ಜಗಳ ಹೊಸದಲ್ಲವೆಂದಾಯಿತು. ನಮ್ಮ ಸಮಿತಿಯವರು ಅಷ್ಟು ಕಠಿಣರಲ್ಲವೆಂಬುದೇ ಸಮಾಧಾನ.

ಇನ್ನು ರಿವಾಜಿನ ಮಾತು. ಪ್ರವಾಸಕ್ಕೆ ಕೊಡುವ ರಿವಾಜು ನಮ್ಮಲ್ಲಿಲ್ಲವೆಂದು ಹೇಳಿದ ಹಿರಿಯರು ನಮಗೆ ಪೂಜ್ಯರು. ಆದರೆ ಅವರು ಹೇಳಿದ್ದು ಸರಿಯಲ್ಲ. ನಮ್ಮ ಸಂಪ್ರದಾಯದಲ್ಲಿ ಗುರುವಿಗೆ ಜಂಗಮನೆಂದು ಹೆಸರು. ಒಂದೆಡೆ ನಿಲ್ಲದೆ ಸಂಚರಿಸುವವನೆಂದೇ ಆ ಶಬ್ದದ ಅರ್ಥ. ಸಂಚಾರವೇ ವಿದ್ಯೆಯೆಂದು ಹೆಸರಿನಲ್ಲಿಯೇ ಒಪ್ಪಿಕೊಂಡ ಪರಂಪರೆ ಸಂಚಾರಕ್ಕೆ ಹಣ ಕೊಡುವ ಪದ್ಧತಿಯಿಲ್ಲವೆಂದು ಹೇಳಬಹುದೆ? ಪದ್ಧತಿಯನ್ನು ದಾಖಲೆಯಿಂದಲೇ ತೋರಿಸೋಣ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಸಂಸ್ಥಾನದ ಆಸ್ತಿಯನ್ನು ಮರಣಶಾಸನದ ಮೂಲಕ ಸಮಾಜದ ವಿದ್ಯಾರ್ಥಿಗಳಿಗೆ ಬಿಟ್ಟುಹೋದರು. ಆ ನಿಧಿಯ ನೆರವಿನಿಂದ ಓದಿದವರಲ್ಲಿ ಸಮುದ್ರ ದಾಟಿ ವಿಲಾಯತಿಗೆ ಹೋಗಿ ಬಂದವರೂ ಇದ್ದಾರೆ. ದಾರಿಖರ್ಚೂ ವಿದ್ಯೆಯ ಖರ್ಚೇ ಎಂಬುದನ್ನು ಆ ಕಾಲದವರು ತಿಳಿದಿದ್ದರು.

ಹಾನಗಲ್ಲ ಕುಮಾರಸ್ವಾಮಿಗಳ ಕಾರ್ಯ ಇನ್ನೂ ಹತ್ತಿರದ ನಿದರ್ಶನ. ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಕೇಳಿ, ಈತನಿಗೆ ಸಂಗೀತವೇ ಬದುಕು ಎಂದು ಅವರು ನಿರ್ಧರಿಸಿ, ಅವನನ್ನು ಊರಿನಿಂದ ಕರೆತಂದು, ಗುರುಗಳಿರುವಲ್ಲಿಗೆ ಕಳುಹಿಸಿ, ಮೊದಲು ಕರ್ನಾಟಕ ಸಂಗೀತವನ್ನೂ ಅನಂತರ ಹಿಂದೂಸ್ತಾನಿಯನ್ನೂ ಕಲಿಯುವಂತೆ ವ್ಯವಸ್ಥೆ ಮಾಡಿದರು. ಆ ಬಾಲಕರೇ ಪಂಚಾಕ್ಷರ ಗವಾಯಿಗಳು. ಅವರ ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ನಾಡಿಗೆ ಎಂತಹ ಸಂಪತ್ತಾದರೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಅಂದು ಕುಮಾರಸ್ವಾಮಿಗಳ ಮುಂದೆ ಒಂದು ಸಮಿತಿ ಕುಳಿತು, ಹಾಡಿಗೆ ಕೊಡುವ ರಿವಾಜಿಲ್ಲ, ಬುದ್ಧೀ, ಎಂದಿದ್ದರೆ?

ಸಂಗೀತಕ್ಕೆ ಆದದ್ದು ಚಿತ್ರಕಲೆಗೆ ಏಕೆ ಆಗಲಿಲ್ಲ? ಇದಕ್ಕೆ ಕೆಲವರು ತತ್ತ್ವದ ಆಧಾರವನ್ನೇ ಕೊಡುತ್ತಾರೆ. ನಮ್ಮದು ಇಷ್ಟಲಿಂಗನಿಷ್ಠೆಯ ಧರ್ಮ, ಚಿತ್ರ, ಮೂರ್ತಿಗಳ ಗೊಡವೆ ನಮಗೇಕೆ ಎನ್ನುತ್ತಾರೆ. ಹೀಗೆ ಹೇಳುವವರ ಮನೆಗೆ ನಾವು ಪಾದಪೂಜೆಗೆ ಹೋಗಿದ್ದೇವೆ. ನಡುಮನೆಯಲ್ಲಿ ಬಸವಣ್ಣನವರ ಚಿತ್ರವಿರುತ್ತದೆ. ಅದಕ್ಕೆ ಹಾರ, ಊದುಬತ್ತಿ, ವಿದ್ಯುದ್ದೀಪ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರನ್ನು ಎದುರು ಕೂರಿಸಿಕೊಂಡು ಬರೆದ ಚಿತ್ರ ಯಾವುದೂ ನಮಗೆ ಬಂದಿಲ್ಲ. ಇಂದು ಕಣ್ಣು ಮುಚ್ಚಿದರೆ ಭಕ್ತನಿಗೆ ಕಾಣುವ ಆ ಮುಖವನ್ನು ಕೊಟ್ಟವರು ಚಿತ್ರಕಾರರು. ಅಕ್ಕಮಹಾದೇವಿಗೂ ಅಲ್ಲಮಪ್ರಭುವಿಗೂ ಅವರೇ ರೂಪ ಕೊಟ್ಟರು. ಚಿತ್ರ ಬೇಕು, ಬರೆದವನ ಹೆಸರು ಬೇಡ, ಅವನ ಮಕ್ಕಳ ವಿದ್ಯಾಭ್ಯಾಸವಂತೂ ಬೇಡವೇ ಬೇಡ ಎಂಬುದು ಯಾವ ಕಾಯಕತತ್ತ್ವ? ನಮ್ಮ ಪರಂಪರೆಯಲ್ಲಿ ಕಾಯಕಕ್ಕೆ ಮೇಲುಕೀಳಿಲ್ಲವೆಂದು ವೇದಿಕೆಯಲ್ಲಿ ಸಾರಿ, ಅರ್ಜಿಯ ಕಟ್ಟನ್ನು ಬಿಚ್ಚಿದೊಡನೆ ಎಂಜಿನಿಯರನ್ನು ಮೇಲಕ್ಕೂ ಚಿತ್ರಕಾರನನ್ನು ಕೆಳಕ್ಕೂ ಇಡುವುದಕ್ಕೆ ಏನೆನ್ನಬೇಕೋ ಓದುಗರೇ ಹೇಳಲಿ.

ಸರ್ಕಾರವೂ ಹೀಗೆಯೇ ಜೋಡಿಸುತ್ತದೆ. ರೈತರ ಮಕ್ಕಳಿಗೆಂದು ರಾಜ್ಯ ಸರ್ಕಾರ 2021ರಲ್ಲಿ ವಿದ್ಯಾನಿಧಿ ಯೋಜನೆಯನ್ನು ಆರಂಭಿಸಿದಾಗ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹುಡುಗನಿಗೆ ವರ್ಷಕ್ಕೆ 5,000 ರೂಪಾಯಿ, ಹುಡುಗಿಗೆ 5,500 ಎಂದೂ, ವೈದ್ಯಕೀಯ, ಎಂಜಿನಿಯರಿಂಗ್‌ಗಳಿಗೆ 10,000, 11,000 ಎಂದೂ ನಿಗದಿಪಡಿಸಿತು. ಯೋಜನೆ ಒಳ್ಳೆಯದೇ. ಆದರೆ ವಿದ್ಯೆಗಳ ಬೆಲೆಪಟ್ಟಿಯೊಂದು ಅದರೊಳಗೆ ಅಡಗಿದೆ. ಕೇಂದ್ರದ ಸಂಸ್ಕೃತಿ ಸಚಿವಾಲಯ ತರುಣ ಕಲಾವಿದರಿಗೆಂದು ಕೊಡುವ ವಿದ್ಯಾರ್ಥಿವೇತನವಿದೆ. 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಅದಕ್ಕಾಗಿ ನಮ್ಮ ಮಕ್ಕಳು ಖಂಡಿತವಾಗಿ ಅರ್ಜಿ ಹಾಕಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಅಧ್ಯಾಪಕರಾಗಿರುವವರು ಈ ಸುದ್ದಿಯನ್ನು ತಮ್ಮ ಕಾಲೇಜಿನಲ್ಲಿ ಹೇಳಬೇಕು. ಆದರೆ ಸಂಗೀತ, ನೃತ್ಯ, ನಾಟಕ, ಜಾನಪದ, ಚಿತ್ರ, ಶಿಲ್ಪ ಎಲ್ಲ ಸೇರಿ ಇಡೀ ದೇಶಕ್ಕೆ ಅವು 400. ನಮ್ಮ ನಾಲ್ಕು ತಾಲ್ಲೂಕುಗಳ ಪಾಲಿಗೆ ಎಷ್ಟು ಬಂದೀತೆಂಬುದನ್ನು ಗಣಿತ ಬಲ್ಲವರು ಲೆಕ್ಕ ಹಾಕಲಿ.

ಪರಿಶಿಷ್ಟ ಜಾತಿ ಮುಂತಾದ ವರ್ಗಗಳ ಬಡ ವಿದ್ಯಾರ್ಥಿಗಳಿಗೆ ವಿದೇಶದಲ್ಲಿ ಓದಲು ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಾವಳಿಯನ್ನು 2022ರಲ್ಲಿ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸಗಳನ್ನು ಕುರಿತ ಅಧ್ಯಯನಕ್ಕೆ ಅದು ದೊರೆಯದೆಂದು ಮಾಡಿದರು. ಭಾರತವನ್ನು ಕುರಿತ ಅಧ್ಯಯನಕ್ಕೆ ಹೊರಗೆ ಹೋಗುವ ಅಗತ್ಯವಿಲ್ಲವೆಂಬುದು ಅವರ ಸಮರ್ಥನೆ. ಮೇಲ್ನೋಟಕ್ಕೆ ಸ್ವದೇಶಾಭಿಮಾನದ ಮಾತು. ಆದರೆ ಅಮರಾವತಿಯ ಸ್ತೂಪದ ಶಿಲ್ಪಗಳ ಒಂದು ದೊಡ್ಡ ಭಾಗ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ನಮ್ಮ ದೇಶದ ಚಿತ್ರಗಳ, ವಸ್ತ್ರಗಳ ಅಮೂಲ್ಯ ಸಂಗ್ರಹವಿರುವುದು ಅದೇ ಊರಿನ ವಿಕ್ಟೋರಿಯಾ ಆಲ್ಬರ್ಟ್ ಸಂಗ್ರಹಾಲಯದಲ್ಲಿ. ಒಯ್ದವರು ಒಯ್ದರು. ನೋಡಿಬರಲು ಹೋಗುವ ಬಡವನ ಮಗನಿಗೂ ಬಾಗಿಲು ಹಾಕಿದರೆ ಎರಡನೆಯ ಬಾರಿ ಕಳೆದುಕೊಂಡಂತೆ.

ಬ್ರಿಟಿಷರಿಗೇ ಈ ವಿಷಯದಲ್ಲಿ ನಮಗಿಂತ ಹೆಚ್ಚು ತಿಳಿವಳಿಕೆಯಿತ್ತೆಂದು ಹೇಳುವುದು ಖೇದದ ಮಾತು. ಮುಂಬಯಿಯ ಜೆ.ಜೆ. ಕಲಾಶಾಲೆಯ ಗ್ರಿಫಿತ್ಸ್ ಎಂಬವರು 1872ರಿಂದ 1885ರ ವರೆಗೆ ತಮ್ಮ ವಿದ್ಯಾರ್ಥಿಗಳನ್ನು ಅಜಂತಕ್ಕೆ ಕರೆದೊಯ್ದು ಸರ್ಕಾರದ ಖರ್ಚಿನಲ್ಲಿ ಭಿತ್ತಿಚಿತ್ರಗಳ ಪ್ರತಿ ಮಾಡಿಸಿದರು. ಪ್ರತಿಗಳಲ್ಲಿ ಬಹಳಷ್ಟು ಲಂಡನ್ನಿನಲ್ಲಿ ಬೆಂಕಿಗೆ ಆಹುತಿಯಾದವು. ಆದರೆ ಆ ಗುಹೆಗಳಲ್ಲಿ ಕುಳಿತು ಕಲಿತ ಕೈಗಳು ಸುಡಲಿಲ್ಲ. ಫ್ರಾನ್ಸಿನಲ್ಲಂತೂ 1663ರಿಂದಲೇ ಆಯ್ದ ಕಲಾವಿದ್ಯಾರ್ಥಿಗಳನ್ನು ರಾಜ್ಯದ ಖರ್ಚಿನಲ್ಲಿ ರೋಮಿಗೆ ಕಳುಹಿಸುವ ಪುರಸ್ಕಾರವಿತ್ತು. ಮುನ್ನೂರು ವರ್ಷಕ್ಕೂ ಮೀರಿ ನಡೆದು 1968ರಲ್ಲಿ ಆ ಸ್ಪರ್ಧೆ ನಿಂತಿತು.

ನಮ್ಮ ಮೈಸೂರು ಸಂಸ್ಥಾನದ ಉದಾಹರಣೆ ಇವೆಲ್ಲಕ್ಕಿಂತ ಮುಖ್ಯ. ಚಿತ್ರಗಾರರ ಮನೆತನದ ತರುಣ ವೆಂಕಟಪ್ಪನನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದರು. ಮೈಸೂರಿನಲ್ಲಿ ಚಿತ್ರ ಕಲಿಸುವವರು ಇರಲಿಲ್ಲವೆಂದಲ್ಲ. ಮನೆಯಲ್ಲಿಯೇ ಪರಂಪರೆಯಿತ್ತು. ಆದರೂ ಅವನೀಂದ್ರನಾಥ ಠಾಕೂರರ ಬಳಿ ಅವನು ಕಲಿಯಲಿ, ಬೇರೆಯದನ್ನು ನೋಡಲಿ ಎಂದು ಅರಸರಿಗೆ ತೋರಿತು. ಅಲ್ಲಿ ನಂದಲಾಲ ಬಸು, ಅಸಿತ ಕುಮಾರ ಹಲದಾರ್ ಮೊದಲಾದವರು ಅವನ ಜೊತೆಗಾರರಾದರು. ಹೆರಿಂಗ್‌ಹ್ಯಾಮ್ ಎಂಬ ಆಂಗ್ಲ ಮಹಿಳೆ ಅಜಂತದ ಚಿತ್ರಗಳ ಪ್ರತಿ ಮಾಡಲು ಬಂದಾಗ ಹೋದ ತರುಣರ ತಂಡದಲ್ಲಿ ವೆಂಕಟಪ್ಪನೂ ಇದ್ದ. ಹೀಗೆ ಕಲಿತು, ಕಂಡು ಬಂದವರೇ ಕೆ. ವೆಂಕಟಪ್ಪನವರು. ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ ಇಂದು ಅವರ ಹೆಸರಿನ ಚಿತ್ರಶಾಲೆಯಿದೆ. ನಮ್ಮ ಹಳೆಯ ವಿದ್ಯಾರ್ಥಿಗಳು ಅದರ ಮುಂದೆ ದಿನವೂ ವಾಹನದಲ್ಲಿ ಹಾದುಹೋಗುತ್ತಾರೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ.ಯಲ್ಲಿ ಕಲಿತು, ಅಷ್ಟಕ್ಕೇ ನಿಲ್ಲದೆ 1949ರಲ್ಲಿ ಪ್ಯಾರಿಸಿಗೂ ಹೋಗಿ ಕಲಿತು ಬಂದರು.

ನಮ್ಮ ಈ ನೆಲದ ಮಾತನ್ನೂ ಆಡದಿದ್ದರೆ ಲೇಖನ ಅಪೂರ್ಣ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಓದಿದವರು. ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದಬೇಕೆಂಬ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದ ಓಹಿಯೋದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ನಮ್ಮ ಮಠಗಳನ್ನೂ ಪವಾಡಗಳನ್ನೂ ಕುರಿತು ಅವರು ಆಡಿದ ಮಾತುಗಳೆಲ್ಲ ನಮಗೆ ಒಪ್ಪಿಗೆಯಲ್ಲ. ಅದು ಬೇರೆ ವಿಷಯ. ಭೌತಶಾಸ್ತ್ರಜ್ಞರಾದ ಅವರು ಲಲಿತಕಲೆಗೂ ತಮ್ಮ ವಿದ್ಯಾಸಂಸ್ಥೆಗಳಲ್ಲಿ ಸ್ಥಳ ಮಾಡಿಕೊಟ್ಟರೆಂಬುದನ್ನು ಮಾತ್ರ ನೆನೆಯಬೇಕು. ಎಂಜಿನಿಯರನಿಗೆ ಒಂದು ವೇತನ ಸಿಕ್ಕಿತು, ಭೌತವಿಜ್ಞಾನಿಗೆ ಕಾಲಿನ ಬಲವಿತ್ತು. ಚಿತ್ರ ಬರೆಯುವ ಮಗುವನ್ನು ಕಳುಹಿಸುವವರು ಈ ಜಿಲ್ಲೆಯಲ್ಲಿ ಯಾರು?

ಹೊಟ್ಟೆಗಿಲ್ಲದ ಮಕ್ಕಳು ಇನ್ನೂ ಇರುವಾಗ ಪ್ರವಾಸದ ಮಾತೇಕೆ ಎಂದು ಕೇಳುವವರಿದ್ದಾರೆ. ಇದು ಹಗುರವಾದ ಪ್ರಶ್ನೆಯಲ್ಲ. ಪ್ರಸಾದನಿಲಯದ ಒಂದು ಹಿಡಿ ಅಕ್ಕಿಯನ್ನೂ ಇದಕ್ಕೆ ತೆಗೆಯಕೂಡದೆಂಬುದು ನಮ್ಮ ಖಚಿತ ಅಭಿಪ್ರಾಯ. ನಾವು ಕೈಯಿಡಲು ಹೊರಟಿರುವುದು ಅನ್ನದ ಪಾತ್ರೆಗಲ್ಲ, ಶಾಲಿನ ಪೆಟ್ಟಿಗೆಗೆ. ಸನ್ಮಾನವೆಂಬುದು ಮುಗಿದ ಕೆಲಸಕ್ಕೆ ಸಲ್ಲುವುದು. ಅದನ್ನು ಪಡೆಯುವವರಿಗೆ ಬಹುಮಟ್ಟಿಗೆ ಅದರ ಅಗತ್ಯವಿರುವುದಿಲ್ಲ. ಶಾಲುಗಳನ್ನಿಡಲು ಮನೆಯಲ್ಲಿ ಸ್ಥಳವಿಲ್ಲವೆಂದು ಹಿರಿಯ ಸಾಹಿತಿಯೊಬ್ಬರು ನಮ್ಮೆದುರಿಗೇ ನಗೆಯಾಡಿದ್ದಾರೆ. ಪ್ರವಾಸವೇತನ ಮುಂದೆ ಆಗಬೇಕಾದ ಕೆಲಸಕ್ಕೆ ಕೊಡುವ ಬೀಜ.

ಚಿತ್ರ ಕಲಿತವರಿಗೆ ಅನ್ನವೆಲ್ಲಿ ಎಂದು ಕೇಳುವ ತಂದೆತಾಯಿಗಳಿಗೆ ಶಿಡ್ಲಘಟ್ಟವನ್ನೇ ತೋರಿಸುತ್ತೇವೆ. ಆ ಊರಿನ ಗೂಡಿನ ಮಾರುಕಟ್ಟೆ ಏಷ್ಯದಲ್ಲೇ ದೊಡ್ಡವುಗಳಲ್ಲಿ ಒಂದೆಂದು ಹೆಮ್ಮೆಪಡುತ್ತೇವೆ. ಗೂಡು ನಮ್ಮದು, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಎಳೆ ತೆಗೆಯುವ ಕೈ ನಮ್ಮದು. ಆ ಎಳೆ ಧರ್ಮಾವರಕ್ಕೋ ಕಂಚಿಗೋ ಹೋಗಿ, ಬಣ್ಣ ಕೂಡಿ, ಸೆರಗಿನ ಮೇಲೆ ಹಂಸವೂ ಅಂಚಿನ ಮೇಲೆ ಮಾವಿನಕಾಯಿಯೂ ಮೂಡಿದ ಮೇಲೆ ಬೆಲೆ ಏರುತ್ತದೆ. ಏರಿದ ಬೆಲೆಯಲ್ಲಿ ಎಳೆಯ ಪಾಲೆಷ್ಟು, ವಿನ್ಯಾಸದ ಪಾಲೆಷ್ಟು ಎಂಬುದನ್ನು ಸೀರೆ ಕೊಳ್ಳುವ ತಾಯಂದಿರು ನಮಗಿಂತ ಚೆನ್ನಾಗಿ ಬಲ್ಲರು. ಲೇಪಾಕ್ಷಿಯ ಛಾವಣಿಯಲ್ಲಿ ನಿಂತಿರುವ ಹೆಂಗಸರ ಸೀರೆಗಳ ಅಂಚನ್ನು ನೋಡಿ ಇಂದಿನ ನೇಯ್ಗೆಗೆ ವಿನ್ಯಾಸ ಇಳಿಸಿದವರಿದ್ದಾರೆ. ಆ ಛಾವಣಿಯ ಕೆಳಗೆ ಮಲಗಬೇಕಾದವಳು ನೂಲು ಬಿಚ್ಚುವವನ ಮಗಳಲ್ಲದೆ ಇನ್ನಾರು?

ಆಕ್ಷೇಪಣೆ ಮಾಡಿದರೆ ಸಾಲದು, ಮಾರ್ಗವನ್ನೂ ಹೇಳಬೇಕಷ್ಟೆ. ನಾವು ಸಮಿತಿಯ ಮುಂದೆ ಇಡಲಿರುವುದು ಇಷ್ಟು. ವರ್ಷಕ್ಕೆ ಐವರು ವಿದ್ಯಾರ್ಥಿಗಳು. ನಾಲ್ಕು ತಾಲ್ಲೂಕುಗಳಿಗೆ ಒಬ್ಬೊಬ್ಬರು, ಐದನೆಯವರು ಎಲ್ಲಿಯವರಾದರೂ ಸರಿ. ತಲೆಗೆ 20,000 ರೂಪಾಯಿ, ಒಟ್ಟು ಒಂದು ಲಕ್ಷ. ಹದಿನೈದು ಲಕ್ಷ ರೂಪಾಯಿಗಳನ್ನು ಬ್ಯಾಂಕಿನಲ್ಲಿ ನೂರಕ್ಕೆ ಏಳರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 1,05,000 ಬರುತ್ತದೆ, ಅಸಲು ಮುಟ್ಟಬೇಕಾಗಿಲ್ಲ. ಮುನ್ನೂರು ಮಂದಿ ಹಳೆಯ ವಿದ್ಯಾರ್ಥಿಗಳು ತಲಾ ಐದು ಸಾವಿರ ಕೊಟ್ಟರೆ ಆ ಹದಿನೈದು ಲಕ್ಷ ಆಯಿತು. ಬಡ್ಡಿ ಇಳಿದ ವರ್ಷ ಒಬ್ಬರು ಕಡಿಮೆಯಾಗಲಿ, ಯೋಜನೆ ನಿಲ್ಲದಿರಲಿ.

ಹಣವನ್ನು ಪ್ರವಾಸಕ್ಕೆ ಮೊದಲು ಕೊಡಬೇಕು. ಹೋಗಿ ಬಂದು ರಸೀತಿ ಒಪ್ಪಿಸಿದ ಮೇಲೆ ಮರುಪಾವತಿ ಎಂಬ ನಿಯಮವನ್ನು ಮಾಡಿದವರು ಬಡತನವನ್ನು ಕಂಡವರಲ್ಲ. ಮೊದಲು ಖರ್ಚುಮಾಡಲು ಕೈಯಲ್ಲಿ ಹಣವಿದ್ದವನಿಗೆ ನಮ್ಮ ಸಹಾಯವೇಕೆ? ಜಾತಿಮತಗಳ ನಿರ್ಬಂಧ ಇರಕೂಡದು. ಪಂಕ್ತಿಯಲ್ಲಿ ಕೂರಿಸುವಾಗ ಕೇಳದ ಪ್ರಶ್ನೆಯನ್ನು ಅರ್ಜಿಯಲ್ಲಿ ಕೇಳುವುದು ಮಠಕ್ಕೆ ಶೋಭೆಯಲ್ಲ. ನೂಲು ಬಿಚ್ಚುವ ಮನೆಗಳಲ್ಲಿ ಮುಸಲ್ಮಾನರ ಮಕ್ಕಳು ಬಹಳ ಮಂದಿ ಇದ್ದಾರೆ, ಅವರೂ ಅರ್ಜಿ ಹಾಕಲಿ. ಇದನ್ನು ಒಪ್ಪದ ದಾನಿಗಳ ಹಣವಿಲ್ಲದೆಯೂ ಹದಿನೈದು ಲಕ್ಷ ಕೂಡಿಸಬಹುದೆಂದು ನಮಗೆ ಭರವಸೆಯಿದೆ.

ಹಣಕ್ಕಿಂತ ದೊಡ್ಡದೊಂದು ಆಸ್ತಿ ನಮ್ಮ ಬಳಿ ಇದೆ, ಅದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಇಲ್ಲಿಂದ ಹಂಪಿ, ಬಾದಾಮಿ, ಐಹೊಳೆ, ವಿಜಯಪುರ, ಸೊಲ್ಲಾಪುರದ ದಾರಿಯುದ್ದಕ್ಕೂ, ಅಲ್ಲಿಂದಾಚೆ ಕಾಶಿಯವರೆಗೂ ಮಠಗಳಿವೆ. ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ 1909ರಲ್ಲಿ ಕುಮಾರಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರವೇ ಇದೆ. ಒಂದೊಂದು ಕಡೆಯೂ ತಂಗಲು ಕೋಣೆ, ಎರಡು ಹೊತ್ತು ಪ್ರಸಾದ. ಶ್ರೀಮಠದ ಒಂದು ಪತ್ರ ಜೊತೆಯಲ್ಲಿದ್ದರೆ ವಿದ್ಯಾರ್ಥಿಗೆ ವಸತಿಗೃಹದ ಖರ್ಚಿಲ್ಲ. ಹೆಣ್ಣುಮಕ್ಕಳನ್ನು ಕಳುಹಿಸಲು ಅಂಜುವ ತಂದೆತಾಯಿಗಳಿಗೆ ಇದಕ್ಕಿಂತ ದೊಡ್ಡ ಧೈರ್ಯವೂ ಇಲ್ಲ. ಅವರಿಗೆ ಬೇರೆ ಕೋಣೆಯೂ, ಊರಿನ ಭಕ್ತರ ಮನೆಯಲ್ಲಿ ತಾಯಂದಿರ ಜೊತೆ ವಸತಿಯೂ ಆಗುವಂತೆ ನಾವೇ ಬರೆದು ಏರ್ಪಡಿಸುತ್ತೇವೆ. ಶೈಕ್ಷಣಿಕ ಪ್ರವಾಸಕ್ಕೆ ರೈಲಿನಲ್ಲಿ ವಿದ್ಯಾರ್ಥಿಗಳಿಗೆ ಅರ್ಧ ದರದ ರಿಯಾಯಿತಿಯೂ ಇದೆ. ಕಾಲೇಜಿನ ಮುಖ್ಯಸ್ಥರ ಪತ್ರ ಬೇಕಷ್ಟೆ, ಕೇಳುವವರಿಲ್ಲದೆ ಅದು ಬಿದ್ದಿರುತ್ತದೆ. ಇವೆಲ್ಲ ಕೂಡಿದರೆ 20,000 ರೂಪಾಯಿಗಳಲ್ಲಿ ಹದಿನೈದು ದಿನಗಳಲ್ಲ, ಒಂದು ತಿಂಗಳನ್ನೇ ಕಳೆಯಬಹುದು.

ಬಂದ ಮೇಲೆ ವರದಿಯೆಂದು ಟೈಪು ಮಾಡಿದ ನಾಲ್ಕು ಹಾಳೆ ನಮಗೆ ಬೇಡ. ಸ್ಥಳದಲ್ಲಿಯೇ ಕುಳಿತು ಬರೆದ ರೇಖಾಚಿತ್ರಗಳ ಪುಸ್ತಕವನ್ನು ತರಲಿ. ಜಾತ್ರೆಯ ಮೂರು ದಿನ ಅವನ್ನು ಸಭಾಮಂಟಪದಲ್ಲಿ ತೂಗುಹಾಕುತ್ತೇವೆ. ತೇರು ನೋಡಲು ಬಂದವರು ಹಂಪಿಯನ್ನೂ ನೋಡಿಕೊಂಡು ಹೋಗಲಿ. ಅರ್ಜಿ ಹಾಕುವವರ ಮೊದಲ ಪರೀಕ್ಷೆಯನ್ನು ನಂದಿಯಲ್ಲಿಯೇ ಇಡಬೇಕೆಂದು ನಮ್ಮ ಆಸೆ. ಒಂಬತ್ತನೆಯ ಶತಮಾನದಿಂದ ಹಿಡಿದು ವಿಜಯನಗರದವರೆಗೆ ಒಂದೊಂದು ಅರಸುಮನೆತನವೂ ಕೈಯಾಡಿಸಿದ ಭೋಗನಂದೀಶ್ವರನ ಗುಡಿ ಚಿಕ್ಕಬಳ್ಳಾಪುರದ ಬಗಲಲ್ಲೇ ಇದೆ. ಒಂದು ದಿನ ಅಲ್ಲಿ ಕೂರಿಸಿ, ಒಂದು ಕಂಬವನ್ನು ಬರೆಯಿರಿ ಎಂದರೆ ಯಾರಿಗೆ ಕಣ್ಣಿದೆಯೆಂಬುದು ಗೊತ್ತಾಗುತ್ತದೆ. ಆಯ್ಕೆಗೆ ಚಿತ್ರಕಲೆ ಬಲ್ಲ ಅಧ್ಯಾಪಕರು ಬರಲಿ, ಸಮಿತಿಯ ಹಿರಿಯರು ಅವರ ಪಕ್ಕದಲ್ಲಿ ಕುಳಿತು ನೋಡಲಿ. ನಾವೂ ಕುಳಿತುಕೊಳ್ಳುತ್ತೇವೆ.

ಅರ್ಜಿ ಕೆಳಗೆ ಹೋದ ಆ ಹೆಣ್ಣುಮಗಳು ಪ್ರವಾಸಕ್ಕೆ ಹೋಗಲಿಲ್ಲ. ಜೊತೆಯವರು ಹೋಗಿಬಂದ ಮೇಲೆ ಅವರ ಛಾಯಾಚಿತ್ರಗಳನ್ನು ನೋಡಿ ತನ್ನ ಪ್ರಬಂಧವನ್ನು ಬರೆದು ಒಪ್ಪಿಸಿದಳೆಂದು ತಿಳಿಯಿತು. ಆ ಪದವಿ ನಾಲ್ಕು ವರ್ಷದ್ದು, ಆಕೆಗೆ ಇದು ಕೊನೆಯ ವರ್ಷ. ಅರ್ಜಿಯನ್ನು ಕಡತದಿಂದ ತೆಗೆಸಿ ಮೇಲಿಟ್ಟಿದ್ದೇವೆ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ. ನಮ್ಮ ಮಾತನ್ನು ವಿರೋಧಿಸುವವರು ಆ ದಿನ ತಪ್ಪದೆ ಬರಬೇಕು, ಹಿಂದಿನಂತೆ ಒಂದು ನಿಮಿಷದಲ್ಲಿ ಮುಗಿಸಲು ನಾವು ಬಿಡುವುದಿಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ಹಣವನ್ನೂ ಆಕ್ಷೇಪಣೆಯನ್ನೂ ಶ್ರೀಮಠದ ಕಾರ್ಯಾಲಯದ ವಿಳಾಸಕ್ಕೆ ಕಳುಹಿಸಬಹುದು. ಎರಡಕ್ಕೂ ರಸೀತಿ ಕೊಡಲಾಗುವುದು.